ಕಿಟ್ಸಿಲಾನೋದಲ್ಲಿ ಎರಡು ತಿಂಗಳು, ಡ್ರೈವ್‌ನಲ್ಲಿ ಎರಡು ತಿಂಗಳು

ದಾವಣಗೆರೆ ವಿದ್ಯಾನಗರದ ನಮ್ಮ ಎದುರುಮನೆ ಹುಡುಗಿಗೆ ಕೆನಡಾದ ವ್ಯಾಂಕೂವರಿನಲ್ಲಿ ಕೆಲಸ ಸಿಕ್ಕಿದೆ. ನಿನ್ನೆ ಬಂದು ಕೇಳಿದಳು: "ಆಂಟಿ, ಕಿಟ್ಸಿಲಾನೋದಲ್ಲಿ ಮನೆ ಹುಡುಕಲಾ, ಕಮರ್ಷಿಯಲ್ ಡ್ರೈವ್ ಕಡೆ ಹುಡುಕಲಾ? ಅಪ್ಪ ಅಮ್ಮನೂ ಬಂದು ಇರ್ತಾರೆ." 2019ರಲ್ಲಿ ಮಗಳ ಜೊತೆ ಎರಡೂ ಕಡೆ ಎರಡೆರಡು ತಿಂಗಳು ಇದ್ದು ಬಂದವಳು ನಾನು. ಅವಳಿಗೆ ಹೇಳಿದ್ದನ್ನೇ ಬರೆಯುತ್ತಿದ್ದೇನೆ.

ಚೆಂದಕ್ಕೆ ಕಿಟ್ಸಿಲಾನೋನೇ. ಬೀಚಿನಲ್ಲಿ ದೊಡ್ಡ ಮರದ ದಿಮ್ಮಿಗಳನ್ನು ಸಾಲಾಗಿ ಹಾಕಿದ್ದಾರೆ. ಒರಗಿ ಕೂತರೆ ಎದುರಿಗೆ ನೀರು, ಆಚೆ ಬೆಟ್ಟ. ಜೂನಿನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕು. ಪಕ್ಕದಲ್ಲೇ 1931ರಲ್ಲಿ ಶುರುವಾದ ಉಪ್ಪುನೀರಿನ ಈಜುಕೊಳ, 137 ಮೀಟರ್ ಉದ್ದ! ಕುಂದುವಾಡ ಕೆರೆ ಏರಿಯ ಮೇಲೆ ವಾಕಿಂಗ್ ಮಾಡುವ ನನಗೆ ಅದು ಕಣ್ಣಿಗೆ ಹಬ್ಬ.

ಮಗಳು ಆ ಏರಿಯಾ ಆರಿಸಿದ್ದು ಅದರ ಹಳೇ ಕಥೆಗಾಗಿ. 1960ರ ದಶಕದಲ್ಲಿ ಅಲ್ಲಿನ 4ನೇ ಅವೆನ್ಯೂ ಹಿಪ್ಪಿಗಳ ಬೀದಿ. ಹಳೇ ಮರದ ಮನೆಗಳಲ್ಲಿ ಕಡಿಮೆ ಬಾಡಿಗೆಗೆ ರೂಮು ಸಿಗುತ್ತಿತ್ತು. ವಿದ್ಯಾರ್ಥಿಗಳು, ಹಾಡುವವರು, ವಿಯೆಟ್ನಾಂ ಯುದ್ಧಕ್ಕೆ ಹೋಗಲ್ಲ ಅಂತ ಅಮೆರಿಕ ಬಿಟ್ಟು ಬಂದ ಹುಡುಗರು ಸೇರಿಕೊಂಡರು. 1971ರಲ್ಲಿ ಅಣುಬಾಂಬ್ ಪರೀಕ್ಷೆ ತಡೆಯಲು ಹಡಗು ಹತ್ತಿ ಹೊರಟ ಗ್ರೀನ್‌ಪೀಸ್ ಎಂಬ ಪರಿಸರ ಸಂಘಟನೆಯವರು ವ್ಯಾಂಕೂವರಿನವರೇ. 1968ರಲ್ಲಿ ಶುರುವಾದ ನಾಮ್ ಎಂಬ ಸಸ್ಯಾಹಾರಿ ಹೋಟೆಲಿನಲ್ಲಿ ನಾವೂ ಊಟ ಮಾಡಿದೆವು. ಯೋಗದ ಬಟ್ಟೆ ಮಾರುವ ಲುಲುಲೆಮನ್ ತನ್ನ ಮೊದಲ ಅಂಗಡಿ ತೆರೆದದ್ದೂ 4ನೇ ಅವೆನ್ಯೂನಲ್ಲೇ, 2000ದಲ್ಲಿ. ಈಗ ಅಲ್ಲಿ ನಡೆದಾಡಿದರೆ ಕಣ್ಣಿಗೆ ಬೀಳುವುದು ಜಾಸ್ತಿ ಇಂಥ ಅಂಗಡಿಗಳೇ.

ನನಗೆ ನಮ್ಮ ಮಿಲ್ ಕಡೆಯ ವಠಾರ ನೆನಪಾಯಿತು. ಅಪ್ಪ ಕಾಟನ್ ಮಿಲ್ಲಿನಲ್ಲಿದ್ದರು. ಮಿಲ್ಲಿನ ಕೂಗು ಕೇಳಿದರೆ ಅಮ್ಮ ರೊಟ್ಟಿ ಹೆಂಚು ಇಡುತ್ತಿದ್ದಳು. ಮಿಲ್ಲು ಮುಚ್ಚಿತು, ವಠಾರದವರು ಚದುರಿದರು. ಇಲ್ಲಿ ಕೆಲಸ ಹೋಗಿ ಜನ ಹೋದರು. ಅಲ್ಲಿ ಏರಿಯಾ ಚೆಂದ ಆಗಿದ್ದಕ್ಕೇ ಬಾಡಿಗೆ ಏರಿ ಜನ ಹೋಗಬೇಕಾಯಿತು. ಇದು ನನಗೆ ಜಾಸ್ತಿ ಸಂಕಟ ಮಾಡಿತು.

ನಮಗೂ ಅದೇ ಆಯಿತು. ನಾವಿದ್ದದ್ದು ಬೇಸ್‌ಮೆಂಟ್ ಮನೆ. ಮಾಲೀಕರು ಮನೆ ಮಾರಿದರು. ಕೊಂಡವರು ತಾವೇ ಇರುತ್ತೇವೆ ಅಂದರೆ ಎರಡು ತಿಂಗಳ ನೋಟಿಸ್, ಜೊತೆಗೆ ಒಂದು ತಿಂಗಳ ಬಾಡಿಗೆಯಷ್ಟು ಪರಿಹಾರ. ಅಲ್ಲಿನ ಕಾನೂನು ಆಗ ಹಾಗಿತ್ತು. ದುಡ್ಡು ಬಂತು, ನಿಜ. ಆದರೆ ಅದೇ ಬಾಡಿಗೆಗೆ ಹತ್ತಿರದಲ್ಲಿ ಎಲ್ಲೂ ಮನೆ ಸಿಗಲಿಲ್ಲ. ಮಗಳು ರಾತ್ರಿಯೆಲ್ಲ ಫೋನಿನಲ್ಲಿ ಮನೆ ಹುಡುಕುತ್ತಾ ಕೂತಿರುತ್ತಿದ್ದಳು.

ಹಾಗೆ ಕಮರ್ಷಿಯಲ್ ಡ್ರೈವ್ ಕಡೆ ಬಂದೆವು. ಸಮುದ್ರ ಕಾಣಲ್ಲ, ಗದ್ದಲ ಜಾಸ್ತಿ. ಬಾಡಿಗೆ ಸ್ವಲ್ಪ ಕಡಿಮೆ ಬಿತ್ತು, ಅಗ್ಗ ಅಂತ ಹೇಳಲಾರೆ. ಎರಡನೇ ಮಹಾಯುದ್ಧದ ನಂತರ ಇಟಲಿಯವರು ಬಂದು ನೆಲೆಸಿದ ಬೀದಿ ಅದು. ಅಲ್ಲಿನ ಕಾಫಿ ಅಂಗಡಿಗಳಲ್ಲಿ ವಯಸ್ಸಾದ ಗಂಡಸರು ಒಂದು ಕಾಫಿ ಇಟ್ಟುಕೊಂಡು ಗಂಟೆಗಟ್ಟಲೆ ಕೂರುತ್ತಾರೆ, ಯಾರೂ ಏಳಿ ಅನ್ನಲ್ಲ. ಪಕ್ಕದ ಮನೆಯ ಇಟಲಿಯ ಅಜ್ಜಿ ಅಂಗಳದಲ್ಲೇ ಹುರುಳಿಕಾಯಿ ಬಳ್ಳಿ ಹಬ್ಬಿಸಿದ್ದರು. ಅವರ ಇಂಗ್ಲಿಷ್ ಅಷ್ಟಕ್ಕಷ್ಟೇ, ನನ್ನದೂ ಅಷ್ಟೇ. ನಾನು ಪಲ್ಯ ಮಾಡಿ ಕೊಟ್ಟೆ, ಅವರು ಟೊಮೇಟೊ ಕೊಟ್ಟರು. ಕಿಟ್ಸಿಲಾನೋದ ಎರಡು ತಿಂಗಳಲ್ಲಿ ಪಕ್ಕದ ಮನೆಯವರ ಮುಖವೇ ನನಗೆ ಗೊತ್ತಿರಲಿಲ್ಲ.

ಓಡಾಟಕ್ಕೂ ಡ್ರೈವೇ ಸಲೀಸು. ಕಮರ್ಷಿಯಲ್-ಬ್ರಾಡ್‌ವೇ ಸ್ಟೇಷನ್ನಿನಲ್ಲಿ ಸ್ಕೈಟ್ರೇನಿನ, ಅಂದರೆ ಅಲ್ಲಿನ ಮೆಟ್ರೋ ರೈಲಿನ, ಎರಡು ಲೈನ್ ಸೇರುತ್ತವೆ. ಮಂಡಕ್ಕಿಗೆ ಮಾತ್ರ ಎಲ್ಲಿದ್ದರೂ ಮೇನ್ ಸ್ಟ್ರೀಟ್ 49ನೇ ಅವೆನ್ಯೂ ಹತ್ತಿರದ ಪಂಜಾಬಿ ಮಾರ್ಕೆಟ್ಟಿಗೇ ಹೋಗಬೇಕು.

ಅಪ್ಪ ಅಮ್ಮ ಬರುವುದಾದರೆ ಡ್ರೈವ್ ಕಡೆಗೇ ನೋಡು ಅಂದೆ. ಸಮುದ್ರ ಬೇಕಾದಾಗ ಅದೇ ಸ್ಟೇಷನ್ನಿನಿಂದ 99ನೇ ನಂಬರ್ ಬಸ್ಸು ಹತ್ತಿ ಆರ್ಬ್ಯುಟಸ್‌ನಲ್ಲಿ ಇಳಿದರೆ ಬೀಚಿಗೆ ನಡೆದೇ ಹೋಗಬಹುದು. ಹೋಗುವಾಗ ಇಳಿಜಾರು, ಬರುವಾಗ ಏರು. ಅಮ್ಮನಿಗೆ ಮಂಡಿ ನೋವಿದೆಯಲ್ಲ, ಬರುವಾಗ ನಿಧಾನ ಕರೆದುಕೊಂಡು ಬಾ ಅಂತ ಹೇಳಿ ಕಳಿಸಿದೆ.