ಮಕ್ಕಳ ಹೊಟ್ಟೆನೋವಿಗೆ ಆನ್‌ಲೈನ್ ಸಿಬಿಟಿ: ಅರ್ಧ ಪಾಠ ಅಪ್ಪ ಅಮ್ಮನಿಗೇ

ಟೆಸ್ಟೆಲ್ಲ ನಾರ್ಮಲ್, ಆದರೂ ಮಗಳ ಹೊಟ್ಟೆನೋವು ನಿಲ್ಲುತ್ತಿಲ್ಲ. ಆಗ ಯಾರಾದರೂ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಿಕೊಳ್ಳೋಕೆ ಕಲಿಸುವ ಮಾನಸಿಕ ಚಿಕಿತ್ಸೆ) ಮಾಡಿಸಿ ಅಂದರೆ ಮೊದಲು ಬರುವುದು ಸಿಟ್ಟು, ಮಗು ನಾಟಕ ಮಾಡುತ್ತಿದೆ ಅಂದ ಹಾಗೆ ಕೇಳಿಸುತ್ತದೆ ಅಲ್ವಾ. ನಾವು ಸೇರಿಸಿದ ಆನ್‌ಲೈನ್ ಕೋರ್ಸು ಮೊದಲ ಪಾಠದಲ್ಲೇ ಇದನ್ನು ಇತ್ಯರ್ಥ ಮಾಡಿತು. ನೋವು ನಿಜ. ಕರುಳಿನ ನರಗಳು ಸೂಕ್ಷ್ಮವಾಗಿರುತ್ತವೆ, ಸ್ವಲ್ಪ ಗ್ಯಾಸ್ ತುಂಬಿದರೂ ಮೆದುಳು ಅದನ್ನು ಅಪಾಯ ಅಂತಲೇ ತಿಳಿಯುತ್ತದೆ. ಹೆದರಿದಷ್ಟೂ ಗಮನವೆಲ್ಲ ಹೊಟ್ಟೆಯ ಮೇಲೆ, ಆಗ ನೋವೂ ಜಾಸ್ತಿ.

ವಾರಕ್ಕೊಂದು ಪಾಠ, ಒಂದಷ್ಟು ಹೋಂವರ್ಕ್, ಡೌಟಿದ್ದರೆ ಥೆರಪಿಸ್ಟ್‌ಗೆ ಮೆಸೇಜ್. ಉಸಿರಾಟದ ವ್ಯಾಯಾಮವೂ ಇದೆ, ಅದು ಎಲ್ಲ ಕಡೆ ಸಿಗುವಂಥದ್ದೇ. ನಿಜವಾದ ಸರಕು ಇರುವುದು ಎಕ್ಸ್‌ಪೋಷರ್‌ನಲ್ಲಿ, ಅಂದರೆ ಹೆದರಿ ಬಿಟ್ಟಿದ್ದನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸುವುದರಲ್ಲಿ. ನೋವಿನ ಭಯಕ್ಕೆ ಮಗು ಏನೇನು ಬಿಟ್ಟಿದೆ ಅಂತ ಪಟ್ಟಿ ಮಾಡಿಸುತ್ತಾರೆ: ಕೆಲವು ತಿಂಡಿ, ಆಟದ ಪೀರಿಯಡ್, ಗೆಳತಿಯ ಮನೆ, ಕೊನೆಗೆ ಶಾಲೆಯೇ. ಸುಲಭದ್ದರಿಂದ ಶುರು ಮಾಡಿ ಒಂದೊಂದನ್ನೇ ವಾಪಸ್ ತರಬೇಕು, ಹೊಟ್ಟೆ ಸ್ವಲ್ಪ ನೋಯುತ್ತಿದ್ದರೂ ಸರಿ. ಕೇಳೋಕೆ ಕಟುಕರ ಕೆಲಸ ಅನಿಸುತ್ತದೆ, ಆದರೆ ನೋವು ಬಂದರೂ ಏನೂ ಆಗಲ್ಲ ಅನ್ನುವುದು ಮಗುವಿಗೆ ಗೊತ್ತಾಗುವುದು ಹೀಗೇ, ನಾವು ಬಾಯಲ್ಲಿ ಎಷ್ಟು ಹೇಳಿದರೂ ಅಲ್ಲ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯವರು 8ರಿಂದ 12 ವರ್ಷದ ಮಕ್ಕಳಿಗೆ ಇಂಥದ್ದೇ 10 ವಾರದ ಕೋರ್ಸು ಕೊಟ್ಟು ನೋಡಿದ್ದಾರೆ. 2019ರಲ್ಲಿ ಬಂದ ಅದರ ಫಲಿತಾಂಶದಲ್ಲಿ ಮಾಮೂಲಿ ಚಿಕಿತ್ಸೆ ಪಡೆದ ಮಕ್ಕಳಿಗಿಂತ ಈ ಮಕ್ಕಳೇ ಜಾಸ್ತಿ ಸುಧಾರಿಸಿದ್ದರು.

ನಮಗೂ ಬೇರೆ ಪಾಠಗಳಿವೆ. ಬೆಳಿಗ್ಗೆ ಎದ್ದ ಕೂಡಲೇ "ಹೊಟ್ಟೆ ಹೇಗಿದೆ ಪುಟ್ಟಾ" ಅಂತ ಕೇಳಬಾರದು, ನೋವು ಬಂದ ದಿನ ಟಿವಿ, ಮುದ್ದು, ರಜೆ ಎಲ್ಲ ಒಟ್ಟಿಗೆ ಕೊಡಬಾರದು, ಧೈರ್ಯವಾಗಿ ಏನಾದರೂ ಮಾಡಿದಾಗ ಆ ಮುದ್ದು ಕೊಡಬೇಕು. ಮಗಳಿಗಿಂತ ಇದು ಅವಳ ಅಪ್ಪನಿಗೇ ಕಷ್ಟವಾಯಿತು.

ಇನ್ನು ತಕರಾರು. ಓದೋದು ವಿಪರೀತ, ಚಿಕ್ಕ ಮಕ್ಕಳ ಪಕ್ಕ ದೊಡ್ಡವರು ಕೂರಲೇಬೇಕು. ಥೆರಪಿಸ್ಟ್ ಉತ್ತರ ಒಂದೊಂದು ಸಲ ಎಷ್ಟು ತಡ ಅಂದರೆ, ನಾವು ಕೇಳಿದ್ದ ಸಮಸ್ಯೆ ಅಷ್ಟರಲ್ಲಿ ಮುಗಿದೇ ಹೋಗಿರುತ್ತಿತ್ತು. ಮತ್ತೆ, ನೋವಿನ ಬಗ್ಗೆ ಕೇಳಬೇಡಿ ಅನ್ನುವ ಅದೇ ಕೋರ್ಸು ಪ್ರತಿ ವಾರ ನೋವಿಗೆ ಅಂಕ ಹಾಕಿಸುತ್ತದೆ! ಲೆಕ್ಕ ಇಡೋಕೆ ಬೇಕು ಅಂತ ಅರ್ಥವಾಗುತ್ತದೆ, ಆದರೂ ಸುಮ್ನೆ ನಗು ಬರುತ್ತದೆ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ನೋವಿಗೆ ರಾತ್ರಿ ನಿದ್ದೆಯಿಂದ ಏಳುತ್ತಿದ್ದರೆ, ಪದೇ ಪದೇ ವಾಂತಿ ಅಥವಾ ಜ್ವರ ಬರುತ್ತಿದ್ದರೆ, ಮಗು ವಯಸ್ಸಿಗೆ ತಕ್ಕಂತೆ ಬೆಳೆಯುತ್ತಿಲ್ಲ ಅನಿಸಿದರೆ ಮೊದಲು ಮಕ್ಕಳ ಡಾಕ್ಟರ್ ಹತ್ತಿರ ಹೋಗಿ. ಕೋರ್ಸು ಆಮೇಲೆ.

ಮಗಳಿಗೆ ಈಗಲೂ ಆಗಾಗ ಹೊಟ್ಟೆ ನೋಯುತ್ತದೆ, ಆದರೆ ಶಾಲೆ ತಪ್ಪಿಸುವುದು ಹೆಚ್ಚುಕಡಿಮೆ ನಿಂತಿದೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ವಾರಕ್ಕೊಮ್ಮೆ ಮಗುವಿನ ಜೊತೆ ಕೂತು ಪಾಠ ಮುಗಿಸುವಷ್ಟು ಬಿಡುವು ಇಲ್ಲದವರು ನೇರವಾಗಿ ಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋಗುವುದೇ ವಾಸಿ.