ಟೋಕನ್ ಕೊಳ್ಳುವ ಮುಂಚೆ ಅವರ ಹಳೇ ರೋಡ್‌ಮ್ಯಾಪ್ ಹುಡುಕಿ ನೋಡಿ

ಅಡಿಕೆ ಮಾರಿದ ದುಡ್ಡಲ್ಲಿ ಎರಡು ಲಕ್ಷವನ್ನು ನಮ್ಮ ಭಾವ ಒಂದು ಹೊಸ ಕ್ರಿಪ್ಟೋ ಟೋಕನ್‌ಗೆ ಹಾಕಿದರು. ಟೆಲಿಗ್ರಾಂ ಗುಂಪಿಗೆ ಯಾರೋ ಸೇರಿಸಿದ್ದರು. ಮೂರು ತಿಂಗಳಲ್ಲಿ ಸ್ವಂತ ಬ್ಲಾಕ್‌ಚೈನ್, ಆಮೇಲೆ ಪೇಮೆಂಟ್ ಕಾರ್ಡ್ ಅಂತ ವೆಬ್‌ಸೈಟಿನಲ್ಲಿ ಬಣ್ಣಬಣ್ಣದ ರೋಡ್‌ಮ್ಯಾಪ್. ಬೆಲೆಯೂ ಏರುತ್ತಿತ್ತು. ಮಾರಲು ಹೋದಾಗ ಲಿಕ್ವಿಡಿಟಿಯೇ (ಟೋಕನ್ ಕೊಟ್ಟರೆ ದುಡ್ಡು ಸಿಗಲು ಇಟ್ಟಿರುವ ಹಣ) ಇಲ್ಲ, ತಂಡದವರು ಅದನ್ನು ತೆಗೆದುಕೊಂಡು ಪರಾರಿ. ಟೋಕನ್‌ಗಳು ವಾಲೆಟ್‌ನಲ್ಲಿ ಈಗಲೂ ಇವೆ. ಒಂದೂ ಕಮ್ಮಿಯಾಗಿಲ್ಲ!

"ಏನಾದ್ರೂ ಮಾಡಕ್ಕಾಗುತ್ತಾ ನೋಡಪ್ಪ" ಅಂತ ಫೋನ್ ನನ್ನ ಕೈಗೆ ಕೊಟ್ಟರು. ಅವರು ಕೋಡ್ ಇಟ್ಟಿದ್ದ ಗಿಟ್‌ಹಬ್ ಪುಟ ತೆರೆದೆ. ಬೇರೆಯವರ ಕೋಡ್ ತಂದು ಹೆಸರು ಬದಲಿಸಿದ್ದರು. ಆಮೇಲೆ ಮುಟ್ಟಿದ್ದು ಪರಿಚಯ ಬರೆದಿಡುವ ರೀಡ್‌ಮಿ ಫೈಲ್ ಒಂದನ್ನೇ: ಲೋಗೋ, ಲಿಂಕು, ಒಂದು ಸ್ಪೆಲಿಂಗ್ ತಪ್ಪು. ವೆಬ್‌ಸೈಟುಗಳ ಹಳೇ ಪ್ರತಿ ಇಟ್ಟಿರುವ ವೇಬ್ಯಾಕ್ ಮಷೀನ್‌ನಲ್ಲಿ ಹಳೇ ರೋಡ್‌ಮ್ಯಾಪ್ ಸಿಕ್ಕಿತು. ಮೂರು ತಿಂಗಳ ಕೆಲಸವನ್ನು ಸದ್ದಿಲ್ಲದೆ ಮುಂದಿನ ವರ್ಷಕ್ಕೆ ತಳ್ಳಿದ್ದರು. ಗುಂಪಿನಲ್ಲಿ "ಟೆಸ್ಟ್‌ನೆಟ್ ಯಾವಾಗ?" ಅಂತ, ಅಂದರೆ ಪ್ರಯೋಗದ ಬ್ಲಾಕ್‌ಚೈನ್ ಯಾವಾಗ ಬರುತ್ತೆ ಅಂತ ಕೇಳಿದವರನ್ನೆಲ್ಲ ಅಡ್ಮಿನ್ ಹೊರಗೆ ಹಾಕಿದ್ದ. ಉಳಿದವರು ರಾಕೆಟ್ ಚಿತ್ರ ಹಾಕುತ್ತಾ ಕೂತಿದ್ದರು.

ತಡ ಆಗೋದೇ ತಪ್ಪು ಅಂತ ನಾನು ಹೇಳುತ್ತಿಲ್ಲ. 2015ರಲ್ಲಿ ಶುರುವಾದ ಎಥೀರಿಯಂ ಬ್ಲಾಕ್‌ಚೈನ್, ಕಂಪ್ಯೂಟರ್‌ಗಳು ಕರೆಂಟ್ ಸುಡುವ ಮೈನಿಂಗ್ ಬಿಟ್ಟು, ನಾಣ್ಯ ಅಡವಿಟ್ಟು ವಹಿವಾಟು ಖಾತ್ರಿ ಮಾಡುವ ಪ್ರೂಫ್ ಆಫ್ ಸ್ಟೇಕ್‌ಗೆ ಹೋಗ್ತೀವಿ ಅಂತ ವರ್ಷಗಟ್ಟಲೆ ಹೇಳುತ್ತಲೇ ಇತ್ತು. ಜನ ಗೇಲಿ ಮಾಡಿದರು. ಕೊನೆಗೆ 2022ರ ಸೆಪ್ಟೆಂಬರ್ 15ರಂದು ಹೋಯಿತು. ಆದರೆ ಅಷ್ಟು ವರ್ಷವೂ ಕೋಡ್, ಟೆಸ್ಟ್‌ನೆಟ್, ಡೆವಲಪರ್‌ಗಳ ಮೀಟಿಂಗ್ ಎಲ್ಲ ಬಯಲಲ್ಲೇ ನಡೆದವು, ಯಾರು ಬೇಕಾದರೂ ನೋಡಬಹುದಿತ್ತು. (ಅದಾದ ದಿನಗಳಲ್ಲಿ ಅದರ ಬೆಲೆ ಇಳಿಯಿತು ಅನ್ನೋದು ಬೇರೆ ಮಾತು. ಕೆಲಸ ನಡೆದರೆ ಬೆಲೆ ಏರಲೇಬೇಕು ಅಂತೇನಿಲ್ಲ.) ಹೊಸ ಪ್ರಾಜೆಕ್ಟ್ ಆದರೆ ಒಂದೆರಡು ವರ್ಷ ಸುಮ್ನೆ ನೋಡಿ. ಹೇಳಿದ್ದರಲ್ಲಿ ಏನು ಮಾಡಿದರು, ಮಾಡಲಾಗದ್ದಕ್ಕೆ ಕಾರಣ ಹೇಳಿದರಾ? ಅಷ್ಟರಲ್ಲಿ ಬೆಲೆ ಕೈಮೀರಿದರೆ ಮೀರಲಿ ಬಿಡಿ.

ಇನ್ನೂ ಒಂದು ಪೆಟ್ಟು ಬಾಕಿಯಿತ್ತು. ಅದೇ ವರ್ಷ ಭಾವನಿಗೆ ಬಿಟ್‌ಕಾಯಿನ್‌ನಲ್ಲಿ ಸ್ವಲ್ಪ ಲಾಭ ಬಂದಿತ್ತು. ಈ ನಷ್ಟವನ್ನು ಅದರಲ್ಲಿ ಕಳೆಯಬಹುದು ಅಂದುಕೊಂಡು ಆಡಿಟರ್ ಹತ್ತಿರ ಹೋದರು. ಆಗಲ್ಲ ಅಂದರು. 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭಕ್ಕೆ ಶೇ 30 ತೆರಿಗೆ, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ. ಪೂರ್ತಿ ಕಟ್ಟಿದರು.

ಈಗ "ಹೋದ ದುಡ್ಡು ವಾಪಸ್ ಕೊಡಿಸ್ತೀವಿ, ಮೊದಲು ಫೀಸ್ ಕಟ್ಟಿ" ಅಂತ ಮೆಸೇಜ್ ಬರುತ್ತಿವೆ. ಅದೂ ಮೋಸವೇ. ನಿಮಗೆ ಹೀಗಾಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ. ಚಾಟ್, ವಾಲೆಟ್ ವಿಳಾಸ, ಟ್ರಾನ್ಸಾಕ್ಷನ್ ಸ್ಕ್ರೀನ್‌ಶಾಟ್ ಯಾವುದನ್ನೂ ಅಳಿಸಬೇಡಿ.