ಕೋರೆ ಚಾಪೆ: ಒಂದು ಬೇಸಿಗೆ ಮಲಗಿ ನೋಡಿದ ಮೇಲೆ

ಮಾರ್ಚ್‌ನಲ್ಲಿ ತಿರುಚಿ ಕಡೆ ಹೋಗಿದ್ದಾಗ ಮುಸಿರಿಯ ರಸ್ತೆ ಬದಿಯ ಅಂಗಡಿಯೊಂದರಲ್ಲಿ ಎರಡು ಕೋರೆ ಚಾಪೆ ತಂದೆ. ದಪ್ಪನೆಯದು 500 ರೂಪಾಯಿ, ನಯವಾದದ್ದು 1,800. ಅಲ್ಲಿ ನಮ್ಮ ಕಾವೇರಿ ದಡದಲ್ಲೇ ಈ ಕೋರೆಯನ್ನು ಬೆಳೆ ತರಹ ಬೆಳೆಯುತ್ತಾರೆ. ನೋಡಲು ಹುಲ್ಲು, ಆದರೆ ಹುಲ್ಲಲ್ಲ, ಜೇಕಿನ ಜಾತಿ. ಹೊಲದಲ್ಲಿ ಕಿತ್ತಷ್ಟೂ ಮತ್ತೆ ಚಿಗುರಿ ರೈತರ ಪ್ರಾಣ ತಿನ್ನುವ ಕೊನ್ನಾರಿ ಇದರ ದಾಯಾದಿ. ಈಜಿಪ್ಟಿನವರು ಹಾಳೆ ಮಾಡಿಕೊಂಡ ಪಪೈರಸ್ ಕೂಡ ಇದೇ ಸೈಪರಸ್ ಕುಲದ್ದು. ಒಂದೇ ಮನೆತನ, ಹಣೆಬರಹ ನೋಡಿ!

ಸರಿ, ಚಾಪೆಗೆ ಬರೋಣ. ನಯವಾದದ್ದು ನೋಡಲು ಬಲು ಚಂದ, ಬಟ್ಟೆ ಹಾಗೆ ಮಡಚಬಹುದು. ಆದರೆ ಮಲಗಿದರೆ ಹೊಸ ಸಿಮೆಂಟ್ ನೆಲದ ಮೇಲೆ ಮಲಗಿದ ಹಾಗೇ. ಯಾಕೆ ಅಂದರೆ ಅಷ್ಟು ಸಣ್ಣ ಎಳೆ ಬೇಕಾದರೆ ಕಡ್ಡಿ ಸೀಳಿ, ಒಳಗಿನ ಮೆತ್ತನೆಯ ತಿರುಳನ್ನೆಲ್ಲ ಕೆರೆದು ತೆಗೆದು, ಬರೀ ಸಿಪ್ಪೆಯಲ್ಲಿ ನೇಯಬೇಕು. ದಪ್ಪ ಚಾಪೆಯಲ್ಲಿ ಆ ತಿರುಳು ಉಳಿದಿರುತ್ತದೆ. ಏಪ್ರಿಲ್‌ನಲ್ಲಿ ರಾತ್ರಿ ಕರೆಂಟ್ ಹೋದಾಗ ಹಾಸಿಗೆ ಬಿಟ್ಟು ಇದರ ಮೇಲೆ ಉರುಳಿಕೊಂಡೆ, ಬೆನ್ನಿನ ಬೆವರು ಅಂಟಲೇ ಇಲ್ಲ, ಒಣ ಹುಲ್ಲಿನ ವಾಸನೆ ಬೇರೆ, ಬೆಳಗ್ಗೆ ಎದ್ದಾಗ ಕೆನ್ನೆ ಮೇಲೆ ಗೆರೆ ಗೆರೆ ಅಚ್ಚು. ಮಗಳು ಅರ್ಧ ಗಂಟೆ ನಕ್ಕಳು.

ತೊಂದರೆಯೂ ಇದೆ. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಅಂಚಿನ ಕೆಂಪು ಬಣ್ಣ ಬಿಟ್ಟು ಬಿಳಿ ಟೈಲ್ಸ್ ಮೇಲೆ ಕುಂಕುಮ ಚೆಲ್ಲಿದ ಹಾಗಾಯಿತು. ಬಣ್ಣ ಗಟ್ಟಿ ಅಂತ ಅಂಗಡಿಯವರು ಆಣೆ ಮಾಡಿದ್ದರು! ಜುಲೈಯಲ್ಲಿ ಬೀರು ಹಿಂದೆ ಸುತ್ತಿಟ್ಟೆ, ಒಂದು ತುದಿಗೆ ಕಪ್ಪು ಬೂಷ್ಟು ಹಿಡಿಯಿತು. ತಪ್ಪು ನನ್ನದೇ, ಬಿಸಿಲಿಗೆ ಹಾಕಿ ಪೂರ್ತಿ ಒಣಗಿಸಿ ನಿಲ್ಲಿಸಿಡಬೇಕಿತ್ತು.

ಇನ್ನೊಂದು ಮಾತು. ಪ್ಲಾಸ್ಟಿಕ್ ಚಾಪೆಯನ್ನೂ ಕೋರೆ ಅಂತ ಮಾರುವವರಿದ್ದಾರೆ. ತುದಿಯ ಒಂದು ಎಳೆ ಕಿತ್ತು ಬೆಂಕಿಕಡ್ಡಿ ತೋರಿಸಿ. ಕೋರೆ ಬೂದಿ ಆಗುತ್ತದೆ, ಪ್ಲಾಸ್ಟಿಕ್ ಕರಗಿ ಗುಂಡಾಗುತ್ತದೆ.

ದಪ್ಪದ್ದಕ್ಕೆ ಐದಕ್ಕೆ ನಾಲ್ಕು. ನಯವಾದದ್ದು ಈಗ ನೆಂಟರು ಬಂದಾಗ ಹಾಲ್‌ನಲ್ಲಿ ಹಾಸಲು ಮಾತ್ರ, ಮೇಲೆ ಕಾಫಿ ತಂದರೆ ನಮ್ಮಮ್ಮ ಬೈತಾರೆ.